ಹನ್ನೊಂದು ಮಂದಿಯ ‘ಚಲೋ ಐತ್ರಿ’

ಒಂಬತ್ತು ವರ್ಷದಿಂದ ನನ್ನ ಶನಿವಾರಗಳು ನನ್ನವಲ್ಲ. ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಬಡಾವಣೆ ಪೂರ್ತಿ ಮುಸುಕೆಳೆದು ಮಲಗಿರುವ ಹೊತ್ತಿನಲ್ಲಿ, ಬೆಳಿಗ್ಗೆ ಏಳಕ್ಕೆ, ನಾನು ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡನೇ ಲೋಟ ಚಹಾ ಹಿಡಿದು ಕೂತಿರುತ್ತೇನೆ. ಪರದೆಯ ಒಂದು ಕಡೆ ಡೆಟ್ರಾಯಿಟ್ ಹತ್ತಿರದ ಯೂನಿವರ್ಸಿಟಿಯ ನಾಲ್ವರು, ಹೂಡಿ ಅಂಗಿಯ ಟೊಪ್ಪಿಗೆಯೊಳಗೆ ತಲೆ ಹುದುಗಿಸಿಕೊಂಡು, ಅರೆನಿದ್ದೆಯಲ್ಲಿ. ಇನ್ನೊಂದು ಕಡೆ ಬಾಗಲಕೋಟೆ ಸೀಮೆಯ ಇಂಜಿನಿಯರಿಂಗ್ ಕಾಲೇಜಿನ ನಾಲ್ವರು. ಅವರಿಗೆ ಆಗ ಸಂಜೆ. ತಲೆ ಬಾಚಿ, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತಿರುತ್ತಾರೆ. ಎರಡೂ ಕಡೆಯವರು ಸೇರಿ ಒಂದು ವಸ್ತುವನ್ನು ಡಿಸೈನ್ ಮಾಡಿ ತೋರಿಸಬೇಕು. ನಡುವೆ ನಾನು, ನೀಲಾಂಬಿಕಾ, ಕಾರಿನ ಸೀಟು ಮಾಡುವ ಕಂಪನಿಯ ಇಂಜಿನಿಯರ್, ಹುಟ್ಟೂರು ಇಳಕಲ್ ಪಕ್ಕ. ‘ನಿಮಗೆ ಎರಡೂ ಕಡೆ ಗೊತ್ತಲ್ಲ’ ಎಂದು ಇಲ್ಲಿಯ ಪ್ರೊಫೆಸರು ಹೊಗಳಿ ತಗುಲಿಹಾಕಿದ ಕೆಲಸ ಇದು. ಹೊಗಳಿಕೆಗೆ ಮರುಳಾದೆ, ಈಗ ಅನುಭವಿಸುತ್ತಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಸಾಕಾಗಿಹೋಗಿದೆ. ಇಲ್ಲಿಯ ಮಕ್ಕಳು ಪ್ರತಿಯೊಂದಕ್ಕೂ ‘ವೈ’ ಎನ್ನುತ್ತಾರೆ. ಅಲ್ಲಿಯವರು ಪ್ರತಿಯೊಂದಕ್ಕೂ ‘ಎಸ್ ಮ್ಯಾಡಂ’ ಎನ್ನುತ್ತಾರೆ. ಡ್ರಾಯಿಂಗ್ ಮುಗಿಯಿತೇ ಎಂದರೆ ಎಸ್ ಮ್ಯಾಡಂ. ಅಂದರೆ ಮುಗಿದಿಲ್ಲ, ನಾಳೆ ಶುರು ಮಾಡುತ್ತಾರೆ. ಏನಾದರೂ ತೊಂದರೆಯೇ ಎಂದರೆ ನೋ ಮ್ಯಾಡಂ. ಅಂದರೆ ಮೂರು ದಿನದಿಂದ ಯಾರೂ ಸರಿಯಾಗಿ ಉಂಡಿಲ್ಲ. ಇದನ್ನೆಲ್ಲ ಬಿಡಿಸಿ ಬಿಡಿಸಿ ಇವರಿಗೆ ಹೇಳುವಷ್ಟರಲ್ಲಿ ನನ್ನ ತಲೆ ಚಿಟ್ಟುಹಿಡಿದಿರುತ್ತದೆ. ಇದೇ ಕೊನೆಯ ವರ್ಷ ಎಂದು ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದೇನೆ.

ಈ ವರ್ಷದ ವಸ್ತು ಒಂದು ಮಣೆ. ನಗಬೇಡಿ. ನಮ್ಮ ಕಡೆ ರೊಟ್ಟಿ ಕೇಂದ್ರಗಳಿವೆ. ಹತ್ತು ಹನ್ನೊಂದು ಹೆಂಗಸರು ಒಲೆ ಮುಂದೆ ಸಾಲಾಗಿ ನೆಲದ ಮೇಲೆ ಕೂತು ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಾರೆ. ಒಬ್ಬೊಬ್ಬರು ದಿನಕ್ಕೆ ಇನ್ನೂರು. ಸೊಂಟ, ಮಂಡಿ, ಬೆನ್ನು ಯಾವುದೂ ಉಳಿಯುವುದಿಲ್ಲ. ಅವರಿಗೆಂದು ಒಂದು ಓರೆ ಮಣೆ: ಆರು ಇಂಚು ಎತ್ತರ, ಹಿಂದೆ ಎತ್ತರ, ಮುಂದೆ ತಗ್ಗು, ಕೂತವರ ಬೆನ್ನು ನೆಟ್ಟಗೆ ನಿಲ್ಲಬೇಕು. ಇಲ್ಲಿಯ ಹುಡುಗ ಮಿಹಿರ್ ಕಂಪ್ಯೂಟರಿನಲ್ಲಿ ಅದರ ಆಕಾರ ತೆಗೆದ. ಅಲ್ಲಿಯ ಹುಡುಗಿ ಸ್ವರೂಪ, ಊರ ಬಡಿಗನ ಮನೆಗೆ ಹತ್ತು ಸಲ ತಿರುಗಿ, ಅವನ ಬೈಗುಳ ತಿಂದು, ಹನ್ನೊಂದು ಮಣೆ ಮಾಡಿಸಿ ರೊಟ್ಟಿ ಕೇಂದ್ರಕ್ಕೆ ಕೊಟ್ಟಳು. ಅವುಗಳ ಮೇಲೆ ಕೂರುವ ಹನ್ನೊಂದು ಹೆಂಗಸರು ನಮ್ಮ ಪಟ್ಟಿಯಲ್ಲಿ ಯೂಸರ್ ನಂಬರ್ ಒಂದರಿಂದ ಹನ್ನೊಂದು.

ಈ ಪ್ರಾಜೆಕ್ಟುಗಳನ್ನು ನಡೆಸುವ ಸಂಸ್ಥೆ ಶಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿದೆ. ಏಪ್ರಿಲ್‌ನಲ್ಲಿ ಆರು ತಂಡಗಳು ಅಲ್ಲಿಗೆ ಹೋಗಿ ತಮ್ಮ ವಸ್ತು ತೋರಿಸಬೇಕು. ಗೆದ್ದ ವಸ್ತುವನ್ನು ಇನ್ನೂರು ಮಾಡಿಸಿ ಹಂಚುತ್ತಾರೆ. ಅದಕ್ಕಿಂತ ದೊಡ್ಡದೆಂದರೆ, ಗೆದ್ದ ತಂಡದ ಭಾರತದ ಕಡೆಯ ಒಬ್ಬ ವಿದ್ಯಾರ್ಥಿಯನ್ನು ಬೇಸಿಗೆಯಲ್ಲಿ ಹನ್ನೆರಡು ವಾರ ಲೊಂಬಾರ್ಡ್‌ನ ಲ್ಯಾಬಿಗೆ ಕರೆಸಿಕೊಳ್ಳುತ್ತಾರೆ. ಹಾಗೆ ಬಂದವರಲ್ಲಿ ಮೂವರು ಮುಂದೆ ಇಲ್ಲೇ ಎಂ.ಎಸ್. ಮಾಡಿದರು. ನಮ್ಮ ತಂಡ ಗೆದ್ದರೆ ಆ ಜಾಗ ಸ್ವರೂಪಳಿಗೆ ಎಂದು ಅವಳ ಕಾಲೇಜು ಆಗಲೇ ಬರೆದುಕೊಟ್ಟಿತ್ತು. ಹುಡುಗಿ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು.

ಫೆಬ್ರವರಿಯ ಒಂದು ಶನಿವಾರ ಎಲ್ಲರೂ ಕಾಲ್ ಬಿಟ್ಟು ಹೋದ ಮೇಲೂ ಸ್ವರೂಪ ಹೋಗದೆ ಉಳಿದಳು.

“ಮ್ಯಾಡಂರೀ, ಒಂದು ಮಾತು ಹೇಳೂದೈತಿ. ಯೂಸರ್ ನಂಬರ್ ನಾಕು ನಮ್ಮವ್ವ.”

“ಗಂಗಮ್ಮನಾ? ನಿಮ್ಮವ್ವನಾ? ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ಮನಿ ಮಂದಿನ್ನ ಕೇಳಿದ್ರ ಲೆಕ್ಕಕ್ಕ ಹಿಡಿಯಂಗಿಲ್ಲ ಅಂತ ನಿಮ್ಮ ಕಡೆ ಹುಡುಗಿ ದಿಯಾ ಮೊದಲ ದಿನಾನ ಹೇಳಿದ್ಲರೀ. ಆದ್ರ ನಮ್ಮೂರಾಗ ಇರೂದ ಒಂದು ಕೇಂದ್ರರೀ.”

“ಇದು ಗೆದ್ರ ನೀ ಇಲ್ಲಿಗೆ ಬರ್ತಿ ಅಂತ ನಿಮ್ಮವ್ವಗ ಗೊತ್ತೈತೇನು?”

“ಗೊತ್ತೈತ್ರಿ. ಓಣಿಗೆಲ್ಲಾ ಗೊತ್ತೈತ್ರಿ,” ಎಂದು ನಕ್ಕಳು.

ಅವಳಿಗೆ ನಗು, ನನಗೆ ಸಂಕಟ. ಓಣಿಗೆಲ್ಲ ಗೊತ್ತು ಎಂದರೆ ರೊಟ್ಟಿ ಬಡಿಯುವ ಹನ್ನೊಂದು ಮಂದಿಗೂ ಗೊತ್ತು. ನಮ್ಮ ಓಣಿಯ ಹುಡುಗಿ ಅಮೆರಿಕಕ್ಕೆ ಹೋಗುವ ವಿಷಯ, ಅದಕ್ಕೆ ಅಡ್ಡಗಾಲು ಹಾಕುವ ಹೆಂಗಸು ಆ ಓಣಿಯಲ್ಲಿ ಹುಟ್ಟಿಲ್ಲ. ಅಂದೇ ನಾನು ಪ್ರೊಫೆಸರಿಗೆ ಒಂದು ಈಮೇಲ್ ಬರೆದು ತಿಳಿಸಬೇಕಿತ್ತು. ಬರೆಯಲಿಲ್ಲ. ಬರೆದರೆ ಮತ್ತೆ ಮೀಟಿಂಗು, ಮತ್ತೆ ಹೊಸ ಕೇಂದ್ರ ಹುಡುಕುವುದು, ಮತ್ತೆ ಶನಿವಾರಗಳು. ನೋಡಿದರಾಯಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ.

ಮಾರ್ಚ್ ಕೊನೆಯಲ್ಲಿ ಹನ್ನೊಂದು ವಿಡಿಯೋ ಬಂದವು. ದಿಯಾ ಸಿದ್ಧ ಮಾಡಿದ ಪ್ರಶ್ನೆಗಳು. ನಾನು ಕನ್ನಡ ಮಾಡಿಕೊಟ್ಟಿದ್ದೆ. ದಿಯಾ ಎಂದರೆ ಇಲ್ಲೇ ಪಕ್ಕದ ನೋವೈಯಲ್ಲಿ ಹುಟ್ಟಿದ ಕನ್ನಡದ ಮನೆಯ ಹುಡುಗಿ, ಕನ್ನಡ ಅರ್ಧ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷು. ಅಲ್ಲಿಯ ಹುಡುಗರು ಒಬ್ಬೊಬ್ಬರ ಮುಂದೆ ಫೋನ್ ಹಿಡಿದು ಕೇಳಿದ್ದರು: ಮಣೆ ಹೇಗಿದೆ? ಹನ್ನೊಂದು ಮಂದಿಯೂ ಒಂದೇ ರಾಗದಲ್ಲಿ ಉತ್ತರ ಕೊಟ್ಟಿದ್ದರು: “ಚಲೋ ಐತ್ರಿ.”

ಈ ‘ಚಲೋ ಐತ್ರಿ’ ನನಗೆ ಹೊಸದಲ್ಲ. ಮದುವೆಯೂಟದಲ್ಲಿ ಸಾರಿಗೆ ಉಪ್ಪೇ ಬಿದ್ದಿಲ್ಲದಿದ್ದರೂ, ಬೀಗರು ಬಂದು ಹೇಗಾಗಿದೆ ಎಂದರೆ ನಾವು ಹೇಳುವುದು ಅದನ್ನೇ. ಕೊಟ್ಟವರ ಮುಖದ ಮುಂದೆ ಕೊಂಕು ತೆಗೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಕೇಳುತ್ತ ಬೆಳೆದವರು ನಾವು. ಆ ಹೆಂಗಸರು ಹಿತ್ತಲಿಗೆ ಹೋಗಿ ಮೊಳ ಹಾಕುವುದಿರಲಿ, ಹಿತ್ತಲ ಬಾಗಿಲನ್ನೇ ತೆರೆಯುವವರಲ್ಲ. ಒಂಬತ್ತು ವರ್ಷದಿಂದ ಇಂಥ ಚಲೋಗಳನ್ನು ನಾನು ‘ಗುಡ್’ ಎಂದು ಬರೆದು ಬರೆದು ಕಳಿಸಿದ್ದೇನೆ.

ಗಂಗಮ್ಮನ ವಿಡಿಯೋದಲ್ಲಿ ಮಾತ್ರ, ಹಿಡಿದ ಹುಡುಗ ನಿಲ್ಲಿಸುವುದನ್ನು ಮರೆತು ಫೋನನ್ನು ಕಿಟಕಿಯಲ್ಲಿಟ್ಟು ಹೋಗಿದ್ದ. ಚಲೋ ಐತ್ರಿ ಎಂದ ಹೆಂಗಸು ತೊಡೆಗೆ ಅಂಗೈ ಊರಿ ಎದ್ದಳು. ಎದ್ದವಳು ಗೋಡೆ ಹಿಡಿದು ನಿಂತೇ ಇದ್ದಳು, ಬಲಗಾಲು ನೆಲಕ್ಕೆ ಊರಲಾಗದೆ. ಸ್ವಲ್ಪ ಹೊತ್ತಿಗೆ ಕಾಲಿನಿಂದಲೇ ಮಣೆಯನ್ನು ಆಚೆ ತಳ್ಳಿ, ಗೋಣಿತಟ್ಟು ಹಾಸಿ, ಒಂದು ಮಂಡಿ ಮೇಲೆತ್ತಿ ಕೂತು ರೊಟ್ಟಿಗೆ ಕೈ ಹಾಕಿದಳು. ನನ್ನ ಅವ್ವನೂ ಹಾಗೆಯೇ ಕೂಡುತ್ತಿದ್ದಳು. ನಮ್ಮ ಮಣೆಯ ಮೇಲೆ ಮಂಡಿ ಎತ್ತಿದರೆ ಜಾರುತ್ತದೆ. ಎತ್ತದಿದ್ದರೆ ಅಂಚು ತೊಡೆಯನ್ನು ಒತ್ತುತ್ತದೆ. ಇಪ್ಪತ್ತೊಂದು ವರ್ಷ ಸೀಟು ಮಾಡಿದ ನನಗೆ ಇದು ಮೊದಲ ದಿನವೇ ಕಾಣಬೇಕಿತ್ತು. ನಾಚಿಕೆಯಾಯಿತು.

“ಆಂಟಿ, ಇಲೆವೆನ್ ಔಟ್ ಆಫ್ ಇಲೆವೆನ್! ದಿಸ್ ಈಸ್ ಇನ್ಸೇನ್!” ಎಂದು ಆ ಶನಿವಾರ ದಿಯಾ ಕುಣಿದಳು. ಆ ಕೊನೆಯ ತುಂಡನ್ನು ಅವಳು ನೋಡಿರಲಿಲ್ಲ. ಉತ್ತರ ಸಿಕ್ಕ ಕೂಡಲೇ ವಿಡಿಯೋ ಮುಚ್ಚಿದ್ದಳು.

“ಹೂಂ, ಇನ್ಸೇನೇ,” ಎಂದೆ. ಪರದೆಯ ಇನ್ನೊಂದು ಚೌಕದಲ್ಲಿ ಸ್ವರೂಪಳ ಮುಖ ಅರಳಿ ಹೂವಾಗಿತ್ತು. ಈಗ ಬಾಯಿ ಬಿಟ್ಟರೆ ಆ ಹುಡುಗಿಯ ಲೊಂಬಾರ್ಡ್ ಹೋಯಿತು. ಬಿಡದಿದ್ದರೆ ಇನ್ನೂರು ಹೆಂಗಸರ ಕಾಲು. ಬಿಸಿತುಪ್ಪ ಬಾಯಿಗೆ ಬಿದ್ದಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಏಪ್ರಿಲ್‌ನಲ್ಲಿ, ವಸ್ತು ತೋರಿಸುವ ಹಿಂದಿನ ದಿನ ಗುರುವಾರ, ರಜೆ ಹಾಕಿ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಲೊಂಬಾರ್ಡ್ ಹತ್ತಿರದ ನೇಪರ್‌ವಿಲ್‌ಗೆ ಬಂದೆ. ವಿದ್ಯಾರ್ಥಿಗಳು ಹೋಟೆಲಿನಲ್ಲಿ, ನಾನು ಗೆಳತಿ ಶ್ರೀಲತಾಳ ಮನೆಯಲ್ಲಿ. ಮೈಸೂರಿನವಳು, ಇಲ್ಲಿ ಐಟಿಯಲ್ಲಿದ್ದಾಳೆ. ಸಂಜೆ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ.

“ಆ ಹುಡುಗಿ ಇಲ್ಲಿಗೆ ಬರೋದು ಬೇಡ್ವೇನೇ ನಿಂಗೆ?” ಎಂದಳು ಶ್ರೀಲತಾ.

“ಬರ್ಲಿ ಅಂತನ ಒದ್ದಾಡಾಕತ್ತೀನಿ ಮಾರಾಯ್ತಿ.”

“ಹಾಗಾದ್ರೆ ಸುಮ್ನಿರು. ಅವ್ರು ಚೆನ್ನಾಗಿದೆ ಅಂದ್ರು, ನೀನು ಗುಡ್ ಅಂದೆ. ಟ್ರಾನ್ಸ್‌ಲೇಟ್ ಮಾಡೋದಷ್ಟೇ ನಿನ್ ಕೆಲ್ಸ. ಮಣೆ ಇಷ್ಟ ಆಗ್ದಿದ್ರೆ ಪಕ್ಕಕ್ಕಿಡ್ತಾರೆ, ಯಾರ್ ಸಾಯ್ತಾರೆ?”

“ಪಕ್ಕಕ್ಕ ಇಡಂಗಿಲ್ಲ ಶ್ರೀಲತಾ. ಕೊಟ್ಟವರು ಬಂದು ನೋಡಿದ್ರ ಏನ್ ಅಂದ್ಕೊಂಡಾರು ಅಂತ ದಿನಾ ಅದರ ಮ್ಯಾಲ ಕೂಡ್ತಾರ. ನಮ್ಮ ಮಂದಿ ನನಗ ಗೊತ್ತಿಲ್ಲೇನು?”

“ನಿಂಗೆ ವಯಸ್ಸಾಯ್ತು ಕಣೇ. ಊಟ ಮಾಡಿ ಮಲ್ಕೋ,” ಎಂದು ತಟ್ಟೆಗೆ ಇನ್ನೊಂದಿಷ್ಟು ಹುಳಿಯನ್ನ ಬಡಿಸಿದಳು. ಅವಳ ಮಾತೇ ಸರಿ ಎನಿಸಿತು. ಊರಿನ ಉಸಾಬರಿ ನನಗೇಕೆ? ಸೋತು ಸುಣ್ಣವಾಗಿದ್ದೆ. ಬಾಯಿ ಬಿಡಬಾರದು ಎಂದು ನಿರ್ಧರಿಸಿಕೊಂಡೇ ಹಾಸಿಗೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಲೊಂಬಾರ್ಡ್‌ನ ಆ ಕೋಣೆಯಲ್ಲಿ ಮೊದಲ ಸರದಿಯೇ ನಮ್ಮದು. ಪರೀಕ್ಷೆ ಮಾಡುವವರು ಮೂವರು. ಅವರಲ್ಲಿ ಮುಖ್ಯಳು ಬೆಳ್ಳಿಕೂದಲಿನ ಒಬ್ಬ ಹೆಂಗಸು, ಮೆದು ಮಾತಿನವಳು. ಮಿಹಿರ್ ಮಣೆಯ ಆಕಾರ ವಿವರಿಸಿದ. ದಿಯಾ ಹನ್ನೊಂದಕ್ಕೆ ಹನ್ನೊಂದು ಎಂಬ ಸ್ಲೈಡ್ ತೋರಿಸಿದಳು. ಆಮೇಲೆ ಗೋಡೆಯ ದೊಡ್ಡ ಪರದೆಯಲ್ಲಿ ರೊಟ್ಟಿ ಕೇಂದ್ರ ಕಾಣಿಸಿತು. ಅಲ್ಲಿ ಸಂಜೆ ಆರೂವರೆ. ಗಂಗಮ್ಮ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸ್ವರೂಪ.

ಬೆಳ್ಳಿಕೂದಲಿನವಳು ನನ್ನ ಕಡೆ ತಿರುಗಿ, ನೇರವಾಗಿ ಆಕೆಯನ್ನೇ ಕೇಳಿ ಎಂದಳು.

“ಗಂಗಮ್ಮಕ್ಕಾರ, ಮಣಿ ಹೆಂಗೈತಿ ಅಂತ ಕೇಳಾಕತ್ತಾರ.”

“ಚಲೋ ಐತ್ರಿ ಅಕ್ಕಾರ. ಭಾಳ ಚಲೋ ಐತಿ.”

ವೆರಿ ಗುಡ್ ಅಂತೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಏನಾದರೂ ಬದಲಾಯಿಸಬೇಕೇ ಎಂದು ಮತ್ತೆ ಕೇಳಿದರು. ಅದನ್ನೂ ದಾಟಿಸಿದೆ.

“ಏನೂ ಬ್ಯಾಡ್ರಿ. ದೇವರಂಥ ಮಕ್ಕಳು ಮಾಡ್ಯಾರ.”

ಹೀಗೆ ಹೇಳುತ್ತ ಹೇಳುತ್ತಲೇ ಆಕೆ ಸೆರಗಿನ ಮರೆಯಲ್ಲಿ ಕೈ ಇಳಿಸಿ, ತೊಡೆಯ ಕೆಳಗೆ ಹೆಬ್ಬೆರಳು ತೂರಿಸಿ ಒತ್ತಿಕೊಂಡಳು. ಮುಖದ ಮೇಲಿನ ನಗು ಒಂದಿಷ್ಟೂ ಅಲುಗಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಆಕೆಯ ಮೇಲೋ, ನನ್ನ ಮೇಲೋ, ಗೊತ್ತಿಲ್ಲ. ನಿರ್ಧಾರ ಗಿರ್ಧಾರ ಎಲ್ಲ ಮರೆತುಹೋಯಿತು.

“ಅಕ್ಕಾರ, ಈಗ ನಂದೊಂದು ಮಾತು ಕೇಳ್ತೀನಿ. ನಾಳಿಂದ ಸ್ವರೂಪಾನ್ನ ಈ ಮಣಿ ಮ್ಯಾಲ ಕುಂದ್ರಿಸಿ ದಿನಾ ಇನ್ನೂರು ರೊಟ್ಟಿ ಬಡಸ್ತೀರೇನು?”

ಗಂಗಮ್ಮನ ನಗು ಅಲ್ಲಿಗೆ ನಿಂತಿತು.

“ಆಕೀ ಕೈಲೆ ಯಾಕ ಬಡಸ್ಲಿರೀ? ಆಕಿ ಇದರ ಮ್ಯಾಲ ಕೂಡಬಾರ್ದಂತನ ನಾ ಕುಂತೀನಲ್ಲ!”

ಏನು ಹೇಳಿದರು ಎಂದು ಬೆಳ್ಳಿಕೂದಲಿನವಳು ನನ್ನನ್ನು ಕೇಳಿದಳು. ಇಷ್ಟವಾಗಿದೆಯಂತೆ ಎಂದುಬಿಟ್ಟರೆ ಮುಗಿಯಿತು. ಕೋಣೆಯಲ್ಲಿ ದಿಯಾಳ ಅರೆಬರೆ ಕನ್ನಡ ಬಿಟ್ಟರೆ ಆ ಮಾತು ತಿಳಿದವರು ಯಾರೂ ಇರಲಿಲ್ಲ. ಪರದೆಯಲ್ಲಿ ಸ್ವರೂಪ ಕ್ಯಾಮೆರಾ ಬಿಟ್ಟು ಅವ್ವನ ಮುಖವನ್ನೇ ನೋಡುತ್ತಿದ್ದಳು. ಸೆರಗಿನೊಳಗಿನ ಆ ಕೈಯನ್ನು ನೋಡಿದಳು. ಆಮೇಲೆ ಈ ಕಡೆ ತಿರುಗಿದಳು.

“ಮ್ಯಾಡಂ, ಐ ವಿಲ್ ಟೆಲ್,” ಎಂದಳು. “ಶೀ ಈಸ್ ಮೈ ಮದರ್. ಶೀ ಈಸ್ ಸೇಯಿಂಗ್, ಇಟ್ ಈಸ್ ನಾಟ್ ಗುಡ್. ಶೀ ವಿಲ್ ನಾಟ್ ಅಲೋ ಮಿ ಟು ಸಿಟ್ ಆನ್ ಇಟ್. ಆಲ್ ಇಲೆವೆನ್ ಆರ್ ಸೇಯಿಂಗ್ ಗುಡ್ ಓನ್ಲಿ ಫಾರ್ ಮಿ.”

ಮಿಹಿರ್ ತಲೆ ಕೆಳಗೆ ಹಾಕಿದ. ದಿಯಾ ನನ್ನನ್ನೇ ನೋಡುತ್ತಿದ್ದಳು.

“ಆಂಟಿ, ಡಿಡ್ ಯೂ ನೋ?”

“ಗೊತ್ತಿತ್ತು,” ಎಂದೆ. ಅದನ್ನು ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅಷ್ಟು ಕನ್ನಡ ಅವಳಿಗೆ ತಿಳಿಯಿತು, ಮುಖ ತಿರುಗಿಸಿಕೊಂಡಳು.

ಉಳಿದ ಐದು ತಂಡಗಳೂ ಮುಗಿದು, ಹನ್ನೊಂದರ ಹೊತ್ತಿಗೆ ಫಲಿತಾಂಶ ಹೇಳಿದರು. ಮೆಟ್ಟಿಲು ಹತ್ತುವ ನೀರಿನ ಕೈಗಾಡಿ ಮಾಡಿದ ತಂಡ ಗೆದ್ದಿತು. ಆ ತಂಡದ ಅಲ್ಲಿಯ ಹುಡುಗ ಕೊಯಮತ್ತೂರಿನವನು. ಬೆಳ್ಳಿಕೂದಲಿನವಳು ಬಂದು ನನ್ನ ಕೈ ಕುಲುಕಿ, ನಿಮ್ಮ ತಂಡದ ಪ್ರಾಮಾಣಿಕತೆ ಮೆಚ್ಚುವಂಥದ್ದು ಎಂದಳು. ಯಾರ ಪ್ರಾಮಾಣಿಕತೆಯಮ್ಮಾ ಎಂದು ಕೇಳಬೇಕೆನಿಸಿತು. ಥ್ಯಾಂಕ್ಯೂ ಎಂದೆ.

ಎಲ್ಲರೂ ಊಟಕ್ಕೆ ಹೋದರು. ಫಲಿತಾಂಶ ಹೇಳಬೇಕಲ್ಲ ಎಂದು ನಾನು ಒಬ್ಬಳೇ ಕೂತು ಸ್ವರೂಪಳಿಗೆ ಕಾಲ್ ಮಾಡಿದೆ. ಅವರು ಇನ್ನೂ ಕೇಂದ್ರದಲ್ಲೇ ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ಸ್ವರೂಪ ತಿಳಿದುಕೊಂಡಳು. ‘ಇರ್ಲಿ ಬಿಡ್ರಿ ಮ್ಯಾಡಂ’ ಎಂದವಳೇ ದುಪಟ್ಟಾ ಮುಖಕ್ಕೆ ಒತ್ತಿಕೊಂಡಳು. ಗಂಗಮ್ಮ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅಕ್ಕಾರ, ನನ್ನ ಯಾಕ ಕೇಳಿದ್ರಿ ಹಂಗ? ಇಪ್ಪತ್ತೆಂಟು ವರ್ಷ ನೆಲದ ಮ್ಯಾಲ ಕುಂತೀನಿ. ಆ ಮಣಿ ಮ್ಯಾಲ ಇನ್ನಷ್ಟು ದಿನ ಕುಂತಿದ್ರ ಸತ್ತ ಹೋಗ್ತಿದ್ನೇನು? ನನ್ನ ಕಾಲು, ನನ್ನ ಹಣೇಬರ. ನಿಮಗೇನ್ ತ್ರಾಸ ಆಗಿತ್ತು?”

“ತಪ್ಪಾತ್ರಿ ಅಕ್ಕಾರ,” ಎಂದೆ. ಕೇಳಿದ್ದು ತಪ್ಪೋ, ಇಷ್ಟು ತಡವಾಗಿ ಕೇಳಿದ್ದು ತಪ್ಪೋ, ನನಗೇ ತಿಳಿಯಲಿಲ್ಲ. ಫೆಬ್ರವರಿಯಲ್ಲೇ ಹೇಳಿದ್ದರೆ ಮಣೆ ತಿದ್ದಲು ಎರಡು ತಿಂಗಳಿತ್ತು. ಆ ಎರಡು ತಿಂಗಳನ್ನು ನಾನು ದಣಿವು ಎಂದುಕೊಂಡು ನುಂಗಿಹಾಕಿದ್ದೆ. ಅಳು ಬಂತು, ಅತ್ತುಬಿಟ್ಟೆ. ಐವತ್ತಮೂರು ವರ್ಷದ ಹೆಂಗಸು, ಲೊಂಬಾರ್ಡ್‌ನ ಖಾಲಿ ಕೋಣೆಯಲ್ಲಿ.

ಬಾಗಿಲು ತೆರೆದ ಸದ್ದಾಯಿತು. ದಿಯಾ. ನನ್ನ ಕಡೆ ನೋಡದೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದಳು.

ಅತ್ತ ಸ್ವರೂಪ ಮುಖ ಒರೆಸಿಕೊಂಡು ನೋಟ್‌ಬುಕ್ ತೆಗೆದಿದ್ದಳು.

“ಯವ್ವಾ, ಈಗರ ಹೇಳು. ಎಲ್ಲೆಲ್ಲಿ ನೋಯ್ತೈತಿ?”

“ಈಗ ಹೇಳಿ ಏನ್ ಮಾಡೂದೈತಿ, ಬಿಡು.”

“ಹೇಳಬೇ.”

ಗಂಗಮ್ಮ ಒಲೆ ಕಡೆ ನೋಡುತ್ತ ಶುರು ಮಾಡಿದಳು. ಇಪ್ಪತ್ತು ರೊಟ್ಟಿ ಆಗುವಷ್ಟರಲ್ಲಿ ಬಲತೊಡೆ ಜೋಮು ಹಿಡಿಯುತ್ತದೆ. ಐವತ್ತಾದರೆ ಕಾಲ್ಬೆರಳು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಎತ್ತರದಲ್ಲಿ ಕೂತು ಕೆಳಗೆ ಬಡಿಯಬೇಕಾದ್ದರಿಂದ ಹೆಗಲು ಕಿತ್ತುಬರುತ್ತದೆ. ಮೊನ್ನೆ ಪಕ್ಕದ ಕಾಳಮ್ಮ ಮಣೆಯಿಂದ ಏಳಲು ಹೋಗಿ, ಕಾಲು ಬಾರದೆ, ಒಲೆಯ ಮೇಲೆ ಬೀಳುವುದಿತ್ತು, ಇಬ್ಬರು ಹಿಡಿದುಕೊಂಡರು. ಯಾರಿಗೂ ಹೇಳಬಾರದೆಂದು ಅಂದೇ ಎಲ್ಲರೂ ಮಾತಾಡಿಕೊಂಡಿದ್ದರು. ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತ ಹೋದೆ, ಏನನ್ನೂ ಬಿಡದೆ. ದಿಯಾ ಟೈಪ್ ಮಾಡುತ್ತ ಹೋದಳು.

ಕಾಳಮ್ಮನ ಮಾತು ಬಂದಾಗ ಸ್ವರೂಪಳ ಪೆನ್ನು ನಿಂತಿತು.

“ಇಷ್ಟೆಲ್ಲಾ ಆಗಿದ್ರೂ ನನಗ ಒಂದು ಮಾತು ಹೇಳಬಾರ್ದೇನಬೇ? ವಾರಾ ವಾರಾ ಬಂದು ನಾ ಕೇಳಿಲ್ಲೇನು?”

“ಕೇಳಿದಿ,” ಎಂದಳು ಗಂಗಮ್ಮ. “ಚಲೋ ಐತೇನು ಅಂತ ಕೇಳಿದಿ. ನೋಯ್ತೈತೇನು ಅಂತ ಯಾವಾಗ ಕೇಳಿದಿ?”